ಆಷಾಢದಲ್ಲೂ ಒಲೆ ಉರೀಬೇಕು ಅಂದ್ರೆ: ಮದುವೆ ಅಡುಗೆ ಕಂಟ್ರಾಕ್ಟರ್‌ಗಳಿಗೆ ಯಾವ ಉಪಕಸುಬು ಸರಿಹೊಂದುತ್ತದೆ?

ಮದುವೆ ಅಡುಗೆ ಹಿಡಿಯುವವರ ವರ್ಷ ಪಂಚಾಂಗ ನೋಡಿಕೊಂಡು ಓಡುತ್ತದೆ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠದಲ್ಲಿ ಒಂದೇ ದಿನಕ್ಕೆ ಮೂರು ಛತ್ರದಿಂದ ಫೋನು ಬರುತ್ತದೆ. ಆಷಾಢ ಬಂತೋ, ಫೋನೇ ಇಲ್ಲ. ಶ್ರಾವಣದಲ್ಲಿ ಸ್ವಲ್ಪ ಜೀವ ಬಂದರೆ, ಭಾದ್ರಪದದ ಪಿತೃಪಕ್ಷದಲ್ಲಿ ಮತ್ತೆ ಹದಿನೈದು ದಿನ ಖಾಲಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ನಡುವೆ ಗುರು ಅಸ್ತ, ಶುಕ್ರ ಅಸ್ತ ಅಂತ ಒಂದಿಷ್ಟು ದಿನ ಹೋಗುತ್ತವೆ. ಇದರ ಮೇಲೆ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಅಷ್ಟಾಗಿ ಪೆಟ್ಟು ಬೀಳಲಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಶಾಲೆಗೆ ರಜೆ ಇರುವ, ನಾಲ್ಕು ಕಾಸು ನೋಡುವ ದಿನಗಳೇ ಅದರಲ್ಲಿ ಹೋಗುತ್ತವೆ. ನಿಜ ಜ್ಯೇಷ್ಠ ಕಳೆದರೆ ಜುಲೈ 15ಕ್ಕೆ ಆಷಾಢ ಶುರು.

ಈ ಖಾಲಿ ದಿನಗಳಲ್ಲಿ ಏನು ಮಾಡಬಹುದು, ಯಾವುದು ಯಾರಿಗೆ ಸರಿ ಅನ್ನೋದನ್ನ ಇಲ್ಲಿ ಹೋಲಿಸಿದ್ದೇನೆ. ಬರೆದಿರುವುದು ಆರೇಳು ಜನರ ತಂಡ, ಸ್ವಂತ ಪಾತ್ರೆ, ಒಂದು ಬಾಡಿಗೆ ಗೋಡೌನು ಇಟ್ಟುಕೊಂಡ ಸಸ್ಯಾಹಾರಿ ಅಡುಗೆಯವರಿಗೆ. ಮೈಸೂರು, ಬೆಂಗಳೂರು, ತುಮಕೂರು, ಹಾಸನದಂಥ ಊರುಗಳ ಲೆಕ್ಕ. ಸ್ವಂತ ಛತ್ರ ಇರುವ ದೊಡ್ಡ ಕೇಟರರ್‌ಗಳ ಲೆಕ್ಕವೇ ಬೇರೆ.

ಮೊದಲು ಒಂದು ಮಾತು. ಆಷಾಢದಲ್ಲಿ ದುಡ್ಡು ಬರೋದಿಲ್ಲ ಅನ್ನೋದು ಅರ್ಧ ತೊಂದರೆ ಅಷ್ಟೇ. ಉಳಿದರ್ಧ, ಜನ ಕೈತಪ್ಪಿ ಹೋಗುವುದು. ಸಹಾಯಕ ಭಟ್ಟರು ಊರಿಗೆ ಹೋಗುತ್ತಾರೆ, ಹಲವರಿಗೆ ಅಲ್ಲಿ ನಾಟಿ ಕೆಲಸ. ಬಡಿಸುವ ಹುಡುಗರು ಹೋಟೆಲ್‌ನಲ್ಲೋ ಡೆಲಿವರಿಯಲ್ಲೋ ಸೇರಿಕೊಳ್ಳುತ್ತಾರೆ. ಶ್ರಾವಣದಲ್ಲಿ ಕರೆದರೆ 'ಬರ್ತೀನಿ ಸಾರ್' ಅಂತಾರೆ, ಬರುವುದಿಲ್ಲ. ಹೊಸಬರನ್ನು ಹಿಡಿದು, ಸಾರಿನ ಬಕೆಟ್ ಹಿಡಿಯುವುದರಿಂದ ಕಲಿಸಬೇಕು. ಹಾಗಾಗಿ ಉಪಕಸುಬು ಅಂದ್ರೆ ನಿಮಗೊಬ್ಬರಿಗೆ ಖರ್ಚಿನ ಕಾಸು ಹುಟ್ಟಿಸುವುದಲ್ಲ. ಕನಿಷ್ಠ ಇಬ್ಬರು ಮೂವರು ಒಳ್ಳೆ ಕೈಗಳನ್ನು ಉಳಿಸಿಕೊಳ್ಳುವಂತಿರಬೇಕು.

ಯಾವ ದಾರಿ ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಒಳ್ಳೆ ಮುಹೂರ್ತ ಬಂದ ದಿನ ಈ ಕೆಲಸವನ್ನು ಬಿಡಬಹುದಾ? ಬಿಡಬಹುದು ಅಂದ್ರೆ ಮುಂದಿನ ಮಾತು. ಇಲ್ಲ ಅಂದ್ರೆ ಅದು ಉಪಕಸುಬಲ್ಲ, ಎರಡನೇ ಕಸುಬು. ಎರಡನ್ನೂ ಒಟ್ಟಿಗೆ ಎಳೆಯುವ ತಾಕತ್ತು ಆರೇಳು ಜನರ ತಂಡಕ್ಕೆ ಇರುವುದಿಲ್ಲ.

ಡಬ್ಬಿ ಊಟ, ಮೆಸ್

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಒಲೆ ಇದೆ, ಪಾತ್ರೆ ಇದೆ, ಪಕ್ಕದಲ್ಲೇ ಪಿಜಿ ಇದೆ, ಆಫೀಸಿದೆ. ತಿಂಗಳಿಗಿಷ್ಟು ಅಂತ ಡಬ್ಬಿ ಕಳಿಸಿದರಾಯ್ತು ಅಲ್ವಾ?

ಒಂದು ಲೆಕ್ಕ ಹಾಕಿ ನೋಡಿ. 40 ಡಬ್ಬಿ, ಒಂದಕ್ಕೆ ತಿಂಗಳಿಗೆ 3,000 ರೂಪಾಯಿ ಅಂದುಕೊಳ್ಳೋಣ. ಒಟ್ಟು 1,20,000. ಕೇಳಲು ಚೆನ್ನಾಗಿದೆ. ತಿಂಗಳಿಗೆ 26 ದಿನ ಹಿಡಿದರೆ ಒಂದು ಡಬ್ಬಿಗೆ ದಿನಕ್ಕೆ ಸುಮಾರು 115 ರೂಪಾಯಿ. ಅದರಲ್ಲಿ ದಿನಸಿ, ತರಕಾರಿ, ಗ್ಯಾಸ್, ಡಬ್ಬಿ ತೊಳೆಯುವವರು, ತಲುಪಿಸುವವನ ಸಂಬಳ, ಅವನ ಗಾಡಿಯ ಪೆಟ್ರೋಲು ಎಲ್ಲ ಆಗಬೇಕು. ಎರಡು ಹೊತ್ತಿನ ಊಟ ಆದರಂತೂ ಉಳಿಯುವುದು ಚಿಲ್ಲರೆ.

ಹೋಗಲಿ, ಚಿಲ್ಲರೆಯಾದರೂ ಉಳಿಯಿತು ಅಂತಿಟ್ಟುಕೊಳ್ಳಿ. ಶ್ರಾವಣದಲ್ಲಿ ಒಂದು ಸೋಮವಾರ ಮದುವೆ ಬರುತ್ತದೆ. ಭಾನುವಾರ ಮಧ್ಯಾಹ್ನವೇ ಪಾತ್ರೆ ಛತ್ರಕ್ಕೆ ಹೋಗಬೇಕು, ಸಂಜೆ ವರಪೂಜೆ ಊಟ, ಬೆಳಿಗ್ಗೆ ತಿಂಡಿ. ಆ ದಿನ ಡಬ್ಬಿ ಯಾರು ಮಾಡುತ್ತಾರೆ? ಡಬ್ಬಿಯವರಿಗೆ ನಿಮ್ಮ ಮುಹೂರ್ತ ಬೇಕಾಗಿಲ್ಲ. ಒಂದು ದಿನ ತಪ್ಪಿಸಿದರೆ ಸಹಿಸಿಕೊಳ್ಳುತ್ತಾರೆ, ಮೂರನೇ ಸಲಕ್ಕೆ ಬೇರೆ ಮೆಸ್ ಹುಡುಕುತ್ತಾರೆ.

ಮನೆಯಲ್ಲಿ ಇನ್ನೊಬ್ಬರು ಪೂರ್ತಿ ಜವಾಬ್ದಾರಿ ಹೊರುವವರಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ತಮ್ಮನೋ, ಹೆಂಡತಿಯೋ, ಮಗಳೋ ಅದನ್ನೇ ತಮ್ಮ ಕೆಲಸ ಅಂತ ನಡೆಸಬೇಕು. ಬರೀ ಆಷಾಢ ತುಂಬಿಸಿಕೊಳ್ಳಲು ಡಬ್ಬಿ ಬೇಡ. ಮೊಬೈಲ್ ಆ್ಯಪ್‌ಗಳಿಗೆ ಊಟ ಕೊಡುವ ಕಿಚನ್ ಕೂಡ ಹೆಚ್ಚುಕಡಿಮೆ ಇದೇ ಕತೆ, ಮೇಲೆ ಕಮಿಷನ್ ಬೇರೆ.

ತಿಥಿ ಅಡುಗೆ

ಇದರ ಬಗ್ಗೆ ಜಾಸ್ತಿ ಜನ ಬಾಯಿ ಬಿಡುವುದಿಲ್ಲ, ಆದರೆ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಂದೆ. ಸಾವು ಪಂಚಾಂಗ ಕೇಳುವುದಿಲ್ಲ. ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ವರ್ಷಾಬ್ದಿಕ, ಇವೆಲ್ಲ ವರ್ಷವಿಡೀ ಇರುತ್ತವೆ. ಪಿತೃಪಕ್ಷದಲ್ಲಂತೂ ಮದುವೆ ಅಡುಗೆಯವರು ಕೈಕಟ್ಟಿ ಕೂತಾಗ ತಿಥಿ ಅಡುಗೆಯವರಿಗೆ ಪುರುಸೊತ್ತಿಲ್ಲ. 2026ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ರಜೆ ಹಾಕದೆ ಬರಬಹುದಾದ ದಿನ ಅಂದ ಮೇಲೆ ಜನ ಜಾಸ್ತಿ.

ಒಂದೇ ಹೊತ್ತಿನ ಊಟ, ಎಲೆ ಲೆಕ್ಕ ಮೊದಲೇ ಸುಮಾರಾಗಿ ಗೊತ್ತಿರುತ್ತದೆ. ಮದುವೆಯ ಹಾಗೆ ಮುನ್ನೂರು ಎಲೆ ಹೇಳಿ ಐನೂರು ಜನ ಬರುವುದು ಕಡಿಮೆ. ಚಾಟ್ ಕೌಂಟರ್ ಬೇಕು, ಐಸ್‌ಕ್ರೀಂ ಬೇಕು ಅನ್ನುವವರಿಲ್ಲ. ದುಡ್ಡಿನ ವಿಷಯದಲ್ಲಿ ಎಳೆದಾಟ ಮಾಡುವುದೂ ಅಪರೂಪ. ಮುಹೂರ್ತದ ದಿನಕ್ಕೇ ಬಿದ್ದರೆ 'ಅವತ್ತು ಆಗಲ್ಲ' ಅಂದುಬಿಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಮೊದಲ ಪ್ರಶ್ನೆಗೆ ಇದು ಸಲೀಸಾಗಿ ಪಾಸು.

ಕಷ್ಟ ಇರುವುದು ಎರಡು ಕಡೆ. ಒಂದು, ಅಡುಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ ಅಂದಷ್ಟಕ್ಕೆ ಮುಗಿಯುವುದಿಲ್ಲ. ಬ್ರಾಹ್ಮಣರ ಶ್ರಾದ್ಧಕ್ಕೆ ಯಾವ ತರಕಾರಿ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ಮನೆಯಿಂದ ಮನೆಗೆ ಬದಲಾಗುತ್ತದೆ. ಮಡಿಯಲ್ಲಿ ಮಾಡುವ ಭಟ್ಟರೇ ಬೇಕು ಅನ್ನುವವರಿರುತ್ತಾರೆ. ವಡೆ, ಎಳ್ಳುಂಡೆ, ಪಾಯಸ, ಗೊಜ್ಜು ಹೀಗೆ ಪಟ್ಟಿ ಹಿಡಿದು ಮನೆಯ ಹಿರಿಯರನ್ನೇ ಕೇಳಿ ಬರೆದುಕೊಳ್ಳಬೇಕು. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವುದೆಂದರೆ ಬಾಡೂಟ. ಸಸ್ಯಾಹಾರಿ ತಂಡಕ್ಕೆ ಅಲ್ಲಿ ಕೆಲಸವಿಲ್ಲ.

ಎರಡನೆಯದು, ಜನರ ಮನಸ್ಸು. 'ನೀವು ತಿಥಿ ಅಡುಗೆಯನ್ನೂ ಮಾಡ್ತೀರಾ?' ಅಂತ ಕೇಳಿ, ಹೌದು ಅಂದರೆ ಮದುವೆಗೆ ಬೇರೆಯವರನ್ನು ನೋಡುವವರು ಈಗಲೂ ಇದ್ದಾರೆ. ಇದು ಸರಿಯೋ ತಪ್ಪೋ ಅನ್ನೋ ವಾದ ಬೇಡ, ವ್ಯಾಪಾರಕ್ಕೆ ಪೆಟ್ಟು ಬೀಳಬಾರದು ಅಷ್ಟೇ. ಹಲವರು ಕಂಡುಕೊಂಡ ದಾರಿ ಎಂದರೆ ತಂಡದ ಹಿರಿಯ ಭಟ್ಟರೊಬ್ಬರ ಹೆಸರಿನಲ್ಲಿ, ಬೇರೆ ಫೋನ್ ನಂಬರಿನಲ್ಲಿ ಆ ಕೆಲಸ ನಡೆಸುವುದು. ಅವರಿಗೂ ಪಾಲು ಸಿಕ್ಕಿ ಊರಿಗೆ ಹೋಗದೆ ಉಳಿಯುತ್ತಾರೆ. ಗಿರಾಕಿ ಬರುವುದು ಪುರೋಹಿತರ ಮೂಲಕ. ಜಾಹೀರಾತು ಕೊಡುವ ಕೆಲಸ ಇದಲ್ಲ.

ಕುರುಕಲು ತಿಂಡಿ

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ತೇಂಗೊಳಲು, ಉಂಡೆಗಳು. ಆಷಾಢಕ್ಕೂ ಇದಕ್ಕೂ ಸರಿಯಾದ ಜೋಡಿ, ಯಾಕೆಂದರೆ ಆಷಾಢ ಮುಗಿದ ಕೂಡಲೇ ಹಬ್ಬಗಳ ಸಾಲು: ವರಮಹಾಲಕ್ಷ್ಮಿ, ಕೃಷ್ಣ ಜನ್ಮಾಷ್ಟಮಿ, ಗೌರಿ, ಗಣೇಶ. 2026ರಲ್ಲಿ ಆಷಾಢ ಅಮಾವಾಸ್ಯೆ ಆಗಸ್ಟ್ 12ಕ್ಕೆ, ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ. ಜುಲೈ ಕೊನೆಯಲ್ಲಿ ಆರ್ಡರ್ ಹಿಡಿಯುತ್ತಾ ಬಂದರೆ ಒಂದು ತಿಂಗಳ ಮೇಲೆ ಕೆಲಸ ಸಿಗುತ್ತದೆ. ಜನ್ಮಾಷ್ಟಮಿಗೆ ಹತ್ತಾರು ಬಗೆ ತಿಂಡಿ ಇಡುವ ಮನೆಗಳಲ್ಲಿ ಈಗ ಅಷ್ಟನ್ನೂ ಮಾಡುವ ಕೈಗಳಿಲ್ಲ. ಒಟ್ಟಿಗೆ ಒಂದು ಪೆಟ್ಟಿಗೆ ಕೊಡುವವರಿದ್ದರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಆದರೆ ಮದುವೆಗೆ ಚಕ್ಕುಲಿ ಕರಿಯುವುದಕ್ಕೂ ಮಾರಲು ಕರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮದುವೆ ಚಕ್ಕುಲಿ ಎರಡು ದಿನದಲ್ಲಿ ಖಾಲಿ. ಮಾರುವ ಚಕ್ಕುಲಿ ಹದಿನೈದು ದಿನ ಕಳೆದ ಮೇಲೂ ಗರಿಗರಿ ಇರಬೇಕು, ಅದೂ ಮಳೆಗಾಲದ ಥಂಡಿಯಲ್ಲಿ. ಎಣ್ಣೆಯಲ್ಲಿ ಗುಳ್ಳೆ ಪೂರ್ತಿ ನಿಲ್ಲುವವರೆಗೆ ಬಿಡಬೇಕು. ಬಣ್ಣ ಬಂತು ಅಂತ ಅವಸರದಲ್ಲಿ ತೆಗೆದರೆ ಒಳಗೆ ನೀರಿನಂಶ ಉಳಿದು ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ. ತೆಗೆದ ಮೇಲೆ ಬಿಸಿ ಇರುವಾಗಲೇ ಪ್ಯಾಕ್ ಮಾಡಿದರೆ ಕವರಿನ ಒಳಗೆ ಬೆವರುತ್ತದೆ. ಆರಲಿ ಅಂತ ರಾತ್ರಿಯಿಡೀ ಪರಾತದಲ್ಲಿ ಬಿಟ್ಟರೆ ಹೊರಗಿನ ಥಂಡಿ ಎಳೆದುಕೊಳ್ಳುತ್ತದೆ. ಬಿಸಿ ಆರಿತೋ, ಅವತ್ತೇ ಡಬ್ಬ ಸೇರಬೇಕು. ಹಿಂದಿನ ಮದುವೆಯಲ್ಲಿ ಉಳಿದ ಎಣ್ಣೆಯನ್ನು ಇದಕ್ಕೆ ಮುಟ್ಟಲೇಬೇಡಿ, ವಾರದೊಳಗೆ ಕಮಟು ವಾಸನೆ ಬರುತ್ತದೆ. ಕರಿದ ಎಣ್ಣೆ ಎಷ್ಟು ಕೆಟ್ಟರೆ ಬಳಸುವಂತಿಲ್ಲ ಅನ್ನುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಇದೆ: ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದ್ರೆ ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಬಾರದು.

ದರ ಹಾಕುವಾಗ ಜಾಸ್ತಿ ಜನ ಜಾರುವುದು ಎಣ್ಣೆಯಲ್ಲೇ. ಬಾಣಲೆಗೆ ಸುರಿಯುವ ಮೊದಲು ಎಣ್ಣೆ ತೂಗಿ, ಕೊನೆಗೆ ಉಳಿದದ್ದನ್ನೂ ತೂಗಿ. ವ್ಯತ್ಯಾಸ ಎಷ್ಟೋ ಅಷ್ಟು ನಿಮ್ಮ ಚಕ್ಕುಲಿ ಕುಡಿದಿದೆ. ಜೊತೆಗೆ ಉಳಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುರಿದ ಚಕ್ಕುಲಿ ಪುಡಿ ಬೇರೆ ತೂಗಬೇಕು, ಅದಕ್ಕೆ ಪೂರ್ತಿ ರೇಟು ಸಿಗುವುದಿಲ್ಲ.

ಎಲ್ಲಿ ಮಾರುವುದು? ಕಾಂಡಿಮೆಂಟ್ಸ್ ಅಂಗಡಿಗೆ ಹಾಕಿದರೆ ಮಾಲು ದಿನಾ ಹೋಗುತ್ತದೆ, ದುಡ್ಡು ಮಾತ್ರ ಹದಿನೈದು ದಿನಕ್ಕೋ ತಿಂಗಳಿಗೋ, ಮಾರದೆ ಉಳಿದದ್ದು ವಾಪಸ್. ಆಷಾಢದಲ್ಲಿ ಕೈ ಬರಿದಾಗಿರುವವರಿಗೆ ಇದು ಕಷ್ಟ. ಅದಕ್ಕಿಂತ ನಿಮ್ಮ ಫೋನಿನಲ್ಲೇ ಇರುವ ಗಿರಾಕಿಗಳನ್ನು ಮೊದಲು ನೋಡಿ. ಹೋದ ಸೀಸನ್ನಿನಲ್ಲಿ ನೀವು ಅಡುಗೆ ಮಾಡಿದ ಮದುವೆ ಮನೆಗಳಲ್ಲಿ ಈಗ ಹೊಸ ಹುಡುಗಿಯ ಮೊದಲ ಆಷಾಢ, ಮೊದಲ ಭೀಮನ ಅಮಾವಾಸ್ಯೆ, ಮೊದಲ ಗೌರಿ ಹಬ್ಬ. ಬೀಗರಿಗೆ ತಿಂಡಿ ಕಳಿಸಬೇಕು, ಅಳಿಯನನ್ನು ದೀಪಾವಳಿಗೆ ಕರೆಯಬೇಕು. ಆ ಮನೆಯವರು ನಿಮ್ಮ ಕೈರುಚಿ ಆಗಲೇ ಕಂಡವರು. 'ಅಮ್ಮಾ, ಗೌರಿ ಹಬ್ಬಕ್ಕೆ ಬಾಗಿನದ ಜೊತೆಗೆ ತಿಂಡಿ ಬೇಕಿದ್ರೆ ಹೇಳಿ, ಮಾಡಿಕೊಡ್ತೀವಿ' ಅಂತ ಒಂದು ಫೋನು ಸಾಕು. ಇಲ್ಲಿ ಅರ್ಧ ದುಡ್ಡು ಮುಂಗಡವೂ ಬರುತ್ತದೆ, ಉಳಿದ ಮಾಲಿನ ತಲೆನೋವೂ ಇಲ್ಲ.

ಪ್ಯಾಕ್ ಮಾಡಿ ಮಾರುವುದಾದರೆ ಕಾಗದಪತ್ರ ನೋಡಿಕೊಳ್ಳಿ. ನಿಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಲ್ಲಿ ಕೇಟರಿಂಗ್ ಮಾತ್ರ ಇದ್ದರೆ ತಿಂಡಿ ತಯಾರಿಕೆಯನ್ನೂ ಸೇರಿಸಬೇಕು. ಪ್ಯಾಕೆಟ್ ಮೇಲೆ ಆ 14 ಅಂಕಿಯ ನಂಬರು, ತೂಕ, ಬೆಲೆ, ತಯಾರಾದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಏನೇನು ಹಾಕಿದ್ದೀರಿ, ಹಸಿರು ಚುಕ್ಕಿ, ಎಲ್ಲ ಇರಬೇಕು.

ಚಕ್ಕುಲಿ ಒತ್ತುವ ಯಂತ್ರ ಕೊಳ್ಳಬೇಕಾ? ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಸಣ್ಣ ಆಹಾರ ತಯಾರಕರಿಗೆ ಬ್ಯಾಂಕ್ ಸಾಲದ ಜೊತೆ ಶೇ. 35 ಸಹಾಯಧನ, 10 ಲಕ್ಷದ ಮಿತಿಯಲ್ಲಿ. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು ಶೇ. 50ರವರೆಗೆ ಏರಿಸಿತು. ಇಲ್ಲಿ ಅದನ್ನು ನೋಡಿಕೊಳ್ಳುವುದು ಕೆಪೆಕ್, ಅಂದ್ರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಕೇಳಲು ಆಸೆಯಾಗುತ್ತದೆ. ಆದರೆ ಅದು ಸಾಲಕ್ಕೆ ಅಂಟಿಕೊಂಡ ಸಹಾಯಧನ, ಕಂತು ಹನ್ನೆರಡು ತಿಂಗಳೂ ಕಟ್ಟಬೇಕು. ಎರಡು ತಿಂಗಳ ಕೆಲಸಕ್ಕೆ ಯಂತ್ರ ತಂದರೆ ಯಂತ್ರಕ್ಕೆ ಕೆಲಸ ಹುಡುಕುವ ಪಾಡಾಗುತ್ತದೆ. ಎರಡು ಶ್ರಾವಣ ಕೈಯಲ್ಲೇ ಒತ್ತಿ ನೋಡಿ, ಆಮೇಲೆ ಅರ್ಜಿ ಹಾಕುವಾಗ ಯೋಜನೆ ಚಾಲ್ತಿಯಲ್ಲಿದೆಯಾ ವಿಚಾರಿಸಿ. ತಿಂಡಿ ಬಾಳಿಕೆ, ಪ್ಯಾಕಿಂಗ್ ಕಲಿಯಬೇಕೆಂದರೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕಿರು ತರಬೇತಿಗಳು ನಡೆಯುತ್ತವೆ. ಯಂತ್ರಕ್ಕಿಂತ ಮೊದಲು ಅದಕ್ಕೆ ದುಡ್ಡು ಹಾಕುವುದು ಮೇಲು.

ಹಪ್ಪಳ ಸಂಡಿಗೆ ಬೇಡ. ಅದಕ್ಕೆ ಬೇಕಾದ ಬಿಸಿಲು ಇರುವುದೇ ಮದುವೆ ಸೀಸನ್ನಿನಲ್ಲಿ.

ಪ್ರಸಾದ, ಸಣ್ಣ ಊಟಗಳು

ಆಷಾಢದಲ್ಲಿ ಅಡುಗೆಗೆ ಕೆಲಸವೇ ಇಲ್ಲ ಅನ್ನುವುದು ಮೈಸೂರಿನಲ್ಲಿ ಪೂರ್ತಿ ನಿಜವಲ್ಲ. ಚಾಮುಂಡಿ ಬೆಟ್ಟಕ್ಕೆ ಆಷಾಢ ಶುಕ್ರವಾರ ಜನಸಾಗರ ಸೇರುತ್ತದೆ, ಚಾಮುಂಡೇಶ್ವರಿ ವರ್ಧಂತಿಯೂ ಇದೇ ತಿಂಗಳು. ದಾನಿಗಳು, ಸಂಘದವರು ಬೆಟ್ಟದಲ್ಲೂ ಊರಿನ ಬೀದಿಗಳಲ್ಲೂ ಪ್ರಸಾದ ಹಂಚುತ್ತಾರೆ. 2026ರಲ್ಲಿ ಜುಲೈ 17, 24, 31 ಮತ್ತು ಆಗಸ್ಟ್ 7, ನಾಲ್ಕು ಶುಕ್ರವಾರ. ಬಗೆ ಕಡಿಮೆ, ಪ್ರಮಾಣ ಜಾಸ್ತಿ: ಬಿಸಿಬೇಳೆ ಬಾತು, ಮೊಸರನ್ನ, ಕೇಸರಿಬಾತು. ಕೊಳದಪ್ಪಲೆಯಂಥ ದೊಡ್ಡ ಪಾತ್ರೆ ಇರುವವರಿಗೆ ಹೇಳಿ ಮಾಡಿಸಿದ ಕೆಲಸ. ಬಡಿಸುವುದು ಹೆಚ್ಚಾಗಿ ಸಂಘದ ಹುಡುಗರೇ. ಕೂಲಿ ಮಾತ್ರ ನಿಮ್ಮದು, ಸಾಮಾನು ಅವರದು ಅಂತ ಮಾತಾಡಿಕೊಳ್ಳುವುದು ಇಲ್ಲಿ ಕ್ಷೇಮ. ಸಾಮಾನೂ ನಿಮ್ಮದೇ ಆದರೆ ಹಣ ಚಂದಾ ಬಂದ ಮೇಲೆ ಅನ್ನುತ್ತಾರೆ, ಚಂದಾ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅರ್ಧ ಮುಂಗಡ ಕೊಡದಿದ್ದರೆ ಒಲೆ ಹಚ್ಚಬೇಡಿ. ದೇವರ ಕೆಲಸ ಅಂತ ಮುಲಾಜಿಗೆ ಬಿದ್ದವರು ದಿನಸಿ ಅಂಗಡಿಯಲ್ಲಿ ಸಾಲ ಉಳಿಸಿಕೊಂಡಿದ್ದಾರೆ.

ಧನುರ್ಮಾಸದಲ್ಲಿ ದೇವಸ್ಥಾನಗಳಲ್ಲಿ ಬೆಳಗಿನ ಜಾವದ ಹುಗ್ಗಿ ಸೇವೆ ಇರುತ್ತದೆ. ಕೆಲಸ ಸಣ್ಣದು, ಏಳುವುದು ಮೂರು ಗಂಟೆಗೆ. ದುಡ್ಡಿಗಿಂತ ಪರಿಚಯಕ್ಕೆ ಒಳ್ಳೆಯದು.

ಇನ್ನೊಂದು ಕಡೆ ಕಣ್ಣು ಹಾಯಿಸುವವರು ಕಡಿಮೆ. ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೇ ದಿನ. ಆ ದಿನ ಯಾವುದೋ ಕಚೇರಿಯಲ್ಲಿ, ಶಾಲೆಯಲ್ಲಿ ಬೀಳ್ಕೊಡುಗೆ ಊಟ ಇದ್ದೇ ಇರುತ್ತದೆ, ಆಷಾಢ ಆದರೇನು, ಅಧಿಕಮಾಸ ಆದರೇನು. ಐವತ್ತರಿಂದ ನೂರು ಎಲೆ. ದೊಡ್ಡ ಕೇಟರರ್‌ಗಳು ಇಷ್ಟು ಸಣ್ಣದಕ್ಕೆ ಬರುವುದಿಲ್ಲ, ಹೋಟೆಲ್ ಊಟ ಅವರಿಗೆ ಬೇಡ. ಒಂದೆರಡು ಕಚೇರಿಗಳಲ್ಲಿ ಹೆಸರು ಬಿದ್ದರೆ ತಿಂಗಳಿಗೊಂದು ಊಟ ತಾನಾಗಿ ಬರುತ್ತದೆ.

ಎಳ್ಳು ಬೆಲ್ಲ

ಇದು ಧನುರ್ಮಾಸಕ್ಕೆ ಮಾತ್ರ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗೆ ಒಣಗಿಸಬೇಕು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆಯಬೇಕು, ಬಿಳಿ ಎಳ್ಳು, ಹುರಿಗಡಲೆ ಸೇರಿಸಬೇಕು. ಬೇಕಿರುವುದು ಒಲೆಗಿಂತ ಹೆಚ್ಚಾಗಿ ಕೈಗಳು. ಮದುವೆಗೆ ತರಕಾರಿ ಹೆಚ್ಚಲು ಬರುವ ಹೆಂಗಸರಿಗೆ ಪೂರಾ ಒಂದು ತಿಂಗಳ ಕೆಲಸ. ಕೊಬ್ಬರಿ ಬೆಲೆ ಏರಿಳಿಯುವುದರಿಂದ ಡಿಸೆಂಬರ್ ಮೊದಲ ವಾರವೇ ಕೊಂಡು ದರ ಗೊತ್ತುಮಾಡಿ. ಸಕ್ಕರೆ ಅಚ್ಚು ಮಾಡುವ ಕೈ ಇದ್ದರೆ ಇನ್ನೂ ಒಳ್ಳೆಯದು, ಲಾಭ ಇರುವುದು ಅದರಲ್ಲೇ. ಸಂಕ್ರಾಂತಿ ಮಾರನೇ ದಿನ ಕೊಳ್ಳುವವರಿಲ್ಲ. ಆರ್ಡರಿಗಿಂತ ಸ್ವಲ್ಪವೇ ಜಾಸ್ತಿ ಮಾಡಿ.

ಪಾತ್ರೆ ಬಾಡಿಗೆ

ಶ್ರಮ ಇಲ್ಲ, ಹಾಗೇ ವರಮಾನವೂ ಇಲ್ಲ. ನಿಮಗೆ ಕೆಲಸ ಇಲ್ಲದ ದಿನ ಊರಿನವರಿಗೂ ಪಾತ್ರೆ ಬೇಡ, ಊರಿಗೆ ಬೇಕಾದ ದಿನ ನಿಮಗೇ ಸಾಲದು. ಗಣೇಶನ ಪೆಂಡಾಲಿನವರಿಗೆ, ತಿಥಿ ಮನೆಗಳಿಗೆ ಕೊಡಬಹುದು. ಎಣಿಸಿ, ತೂಗಿ ಕೊಡಿ. ಸೌಟು, ಬಕೆಟ್ ವಾಪಸ್ ಬರುವಾಗ ಯಾವಾಗಲೂ ಒಂದೆರಡು ಕಡಿಮೆ.

ಹಾಗಾದರೆ ಯಾವುದು?

ಮಡಿ ಅಡುಗೆ ಬಲ್ಲ ಹಿರಿಯ ಭಟ್ಟರು ತಂಡದಲ್ಲಿದ್ದರೆ ತಿಥಿ ಅಡುಗೆಯೇ ಮೊದಲು, ಎರಡನೇ ಯೋಚನೆ ಬೇಡ. ಕರಿಯುವ ಕೈ ಗಟ್ಟಿಯಿದ್ದು, ಹಳೇ ಗಿರಾಕಿಗಳ ಜೊತೆ ಮಾತು ಚೆನ್ನಾಗಿದ್ದರೆ ಕುರುಕಲು ತಿಂಡಿ. ದೊಡ್ಡ ಪಾತ್ರೆ ಇದೆ, ಜನ ಕಡಿಮೆ ಅನ್ನುವವರಿಗೆ ಪ್ರಸಾದ. ಹೆಂಗಸರ ತಂಡ ದೊಡ್ಡದಿದ್ದರೆ ಆಷಾಢಕ್ಕೆ ತಿಂಡಿ, ಧನುರ್ಮಾಸಕ್ಕೆ ಎಳ್ಳು ಬೆಲ್ಲ. ಒಂದೇ ವರ್ಷದಲ್ಲಿ ಎಲ್ಲಕ್ಕೂ ಕೈಹಾಕುವುದು ಬೇಡ. ಎರಡು ಸಾಕು: ಒಂದು ಆಷಾಢಕ್ಕೆ, ಇನ್ನೊಂದು ಪಿತೃಪಕ್ಷಕ್ಕೋ ಧನುರ್ಮಾಸಕ್ಕೋ.

ಯಾವುದನ್ನು ಹಿಡಿದರೂ ವಾಣಿಜ್ಯ ಸಿಲಿಂಡರೇ ಬಳಸಿ, ಮನೆ ಸಿಲಿಂಡರಿನಲ್ಲಿ ವ್ಯಾಪಾರ ಮಾಡುವಂತಿಲ್ಲ. ಜಿಎಸ್‌ಟಿ ವಿಷಯದಲ್ಲೂ ಎಚ್ಚರ. ಬರೀ ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ ಅನ್ನುವುದನ್ನು ಕೇಳಿ ಎಷ್ಟೋ ಜನ ನಿಶ್ಚಿಂತರಾಗಿದ್ದಾರೆ. ಕೇಟರಿಂಗ್ ಸೇವೆ, ಅದರ ಮಿತಿ ವರ್ಷಕ್ಕೆ 20 ಲಕ್ಷ. ಮದುವೆ ಅಡುಗೆ, ತಿಂಡಿ ಎರಡನ್ನೂ ಒಂದೇ ಪ್ಯಾನ್ ನಂಬರಿನಲ್ಲಿ ನಡೆಸಿದರೆ ಎರಡೂ ಒಟ್ಟಾಗಿಯೇ ಲೆಕ್ಕಕ್ಕೆ ಬರುತ್ತವೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಯವರಿಗೆಲ್ಲ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿದೆಯಲ್ಲ. ಉಪಕಸುಬಿನ ದುಡ್ಡಿಗೆ ಬೇರೆ ಪುಸ್ತಕ, ಬೇರೆ ಬ್ಯಾಂಕ್ ಖಾತೆ ಇಟ್ಟರೆ ತೆರಿಗೆ ಸಲಹೆಗಾರರಿಗೆ ತೋರಿಸಲೂ ಸುಲಭ, ಆಷಾಢದಲ್ಲಿ ನಿಜಕ್ಕೂ ಏನು ಉಳಿಯಿತು ಅಂತ ನಿಮಗೂ ಗೊತ್ತಾಗುತ್ತದೆ.

ಇನ್ನು ದಿನಾಂಕ. ದೀಪಾವಳಿ ಕಳೆದು ತುಳಸಿ ಹಬ್ಬ ಆಗುತ್ತಿದ್ದಂತೆ ಮದುವೆಗಳು ಮತ್ತೆ ಶುರು. 2026ರಲ್ಲಿ ದೀಪಾವಳಿ ನವೆಂಬರ್ 8. ಅಳಿಯನ ಹಬ್ಬದ ತಿಂಡಿ ಆರ್ಡರುಗಳನ್ನು ಅಕ್ಟೋಬರ್ ಕೊನೆಗೆ ನಿಲ್ಲಿಸಿ. ಆ ಹೊತ್ತಿಗೆ ಊರಿಗೆ ಹೋದ ಭಟ್ಟರಿಗೆ ಮುಂಗಡ ಕಳಿಸಿ ದಿನ ಗಟ್ಟಿ ಮಾಡಿಕೊಂಡಿರಬೇಕು.